ಎರಡೆಕರೆ ಕೋಣೆಗೊಬ್ಬ ಬಾಡಿಗೆದಾರ ಬೇಕು

2017ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಹಳೆಯ ಗಿರಣಿಯೊಂದು ಹರಾಜಿನ ಪಟ್ಟಿ ಸೇರಿತು. ಸವಾಲು ಶುರುವಾಗಬೇಕಿದ್ದದ್ದು ಒಂದು ಪೌಂಡಿನಿಂದ, ಆಗಿನ ಲೆಕ್ಕಕ್ಕೆ ತೊಂಬತ್ತು ರೂಪಾಯಿಯೂ ಆಗದ ಮೊತ್ತ. ಹರಾಜು ನಡೆಯುವ ಮೊದಲೇ ಸಿಇಜಿ ಎಂಬ ಕಂಪನಿ ಅದನ್ನು ಕೊಂಡಿತು. ಕೊಟ್ಟದ್ದೂ ಅದೇ ಒಂದು ಪೌಂಡ್. ಜಾಗವೇನೂ ಊರಾಚೆಯದಲ್ಲ. ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದ ಹೋಲ್‌ಬೆಕ್ ಪ್ರದೇಶ. ಸುತ್ತ ಹೊಸ ಕಚೇರಿ, ಫ್ಲ್ಯಾಟುಗಳು ಏಳುತ್ತಿವೆ. ಅಂಥ ಕಡೆ ಸುಮಾರು ಎರಡು ಎಕರೆ ಹರಡಿಕೊಂಡ ಕಟ್ಟಡ ಪುಕ್ಕಟೆಗೆ ಸಮನಾದ ಬೆಲೆಗೆ ಯಾಕೆ ಹೋಯಿತು?

ಕಾನೂನಿನ ಕಣ್ಣಿಗೆ ಅದು ಬೀಳದೇ ಹೋಗಿದ್ದರಿಂದ ಎಂದುಕೊಂಡರೆ ತಪ್ಪು. ಟೆಂಪಲ್ ವರ್ಕ್ಸ್ ಎಂದು ಈಗ ಕರೆಯುವ ಈ ಟೆಂಪಲ್ ಮಿಲ್ ಇಂಗ್ಲೆಂಡಿನ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಗ್ರೇಡ್ ಒನ್ ಪಡೆದಿದೆ. ಆ ಪಟ್ಟಿಯಲ್ಲಿರುವ ಲಕ್ಷಾಂತರ ಕಟ್ಟಡಗಳಲ್ಲಿ ನೂರಕ್ಕೆ ಎರಡೂವರೆಗೆ ಮಾತ್ರ ಆ ದರ್ಜೆ ಇದೆ. ವೆಸ್ಟ್‌ಮಿನ್‌ಸ್ಟರ್ ಅಬಿ, ಸೇಂಟ್ ಪಾಲ್ಸ್ ಕೆಥೆಡ್ರಲ್‌ಗಳ ಸಾಲಿನಲ್ಲಿ ಕೂತಿರುವ ಗಿರಣಿ ಇದು. ಆದರೂ ಅದೇ ಬೀದಿಯ ಕಡಿಮೆ ದರ್ಜೆಯ ಗಿರಣಿಗಳು ಬಾಡಿಗೆ ದುಡಿಯುತ್ತಿದ್ದಾಗ ಇದು ಸೋರುತ್ತಾ ಕೂತಿತ್ತು. ಇದಕ್ಕೆ ಮಾಲೀಕರ ಉದಾಸೀನವನ್ನು ಬೈಯುವುದು ಸುಲಭ. ನನಗನ್ನಿಸುವಂತೆ ಕಾರಣ ಅದಕ್ಕಿಂತ ಆಳದಲ್ಲಿದೆ: ಯಾವ ವಿಶೇಷಕ್ಕಾಗಿ ಈ ಕಟ್ಟಡಕ್ಕೆ ಅತ್ಯುನ್ನತ ದರ್ಜೆ ಸಿಕ್ಕಿತೋ ಅದೇ ವಿಶೇಷ ಅದನ್ನು ಬಾಳಿಸುವುದಕ್ಕೂ ಅಡ್ಡ ಬಂದಿದೆ. ಅದು ಅರ್ಥವಾಗಬೇಕಾದರೆ ಮೊದಲು ಕಟ್ಟಡದೊಳಕ್ಕೆ ಹೋಗಬೇಕು.

ಇದನ್ನು ಕಟ್ಟಿಸಿದ ಮನೆತನದ ಹಿರಿಯ ಜಾನ್ ಮಾರ್ಷಲ್, ಲಿನನ್ ಬಟ್ಟೆಗೆ ಬೇಕಾದ ಅಗಸೆನಾರಿನ ನೂಲಿನಲ್ಲಿ ಸಂಪತ್ತು ಗಳಿಸಿದವನು. ಹತ್ತಿಗೆ ಬಂದಿದ್ದ ಯಂತ್ರಗಳನ್ನು ಅಗಸೆನಾರಿಗೆ ಒಗ್ಗಿಸುವುದು ಸುಲಭವಿರಲಿಲ್ಲ. ಮ್ಯಾಥ್ಯೂ ಮರ್ರಿ ಎಂಬ ಚತುರ ಮೆಕ್ಯಾನಿಕ್‌ನನ್ನು ಜೊತೆಗಿಟ್ಟುಕೊಂಡು ಅದನ್ನು ಸಾಧಿಸಿದ. 1796ರಲ್ಲಿ ಲೀಡ್ಸ್‌ನ ಅವನ ಗಿರಣಿಗೆ ಬೆಂಕಿ ಬಿತ್ತು. ಆ ಪೆಟ್ಟಿನ ಮರುವರ್ಷವೇ ಅವನು ಮತ್ತು ಪಾಲುದಾರರು ಶ್ರೂಸ್‌ಬರಿಯ ಡಿದರಿಂಗ್ಟನ್‌ನಲ್ಲಿ ಕಟ್ಟಿಸಿದ ಗಿರಣಿಯಲ್ಲಿ ಮರದ ಕಂಬ, ತೊಲೆಗಳ ಬದಲು ಬೀಡುಕಬ್ಬಿಣ ಬಂತು. ಚಾರ್ಲ್ಸ್ ಬೇಜ್ ರೂಪಿಸಿದ ಆ ಕಟ್ಟಡ ಜಗತ್ತಿನ ಮೊದಲ ಕಬ್ಬಿಣದ ಚೌಕಟ್ಟಿನ ಕಟ್ಟಡ. ಇಂದಿನ ಗಗನಚುಂಬಿಗಳೆಲ್ಲಕ್ಕೂ ಅದೇ ಮೂಲಪುರುಷ.

ಹೋಲ್‌ಬೆಕ್‌ನ ಮಾರ್ಷಲ್ ಬೀದಿಯಲ್ಲಿ ಆಗಲೇ ಈ ಮನೆತನದ ಬಹುಮಹಡಿ ಗಿರಣಿಗಳಿದ್ದವು. 1838ರ ಹೊತ್ತಿಗೆ, ವಿಕ್ಟೋರಿಯಾ ಪಟ್ಟಕ್ಕೆ ಬಂದು ಒಂದು ವರ್ಷವಾಗಿದ್ದಾಗ, ಮಗ ಜೇಮ್ಸ್ ಗಾರ್ತ್ ಮಾರ್ಷಲ್ ಇನ್ನೊಂದನ್ನು ಕಟ್ಟಿಸಲು ಹೊರಟ. ಈ ಸಲ ಮಹಡಿಯ ಮೇಲೆ ಮಹಡಿ ಬೇಡ, ಒಂದೇ ನೆಲ, ಒಂದೇ ಕೋಣೆ ಎಂದು ತೀರ್ಮಾನವಾಯಿತು. ಅಳತೆ 396 ಅಡಿ ಉದ್ದ, 216 ಅಡಿ ಅಗಲ. ಜಗತ್ತಿನಲ್ಲೇ ಅತಿದೊಡ್ಡ ಕೋಣೆ ಎಂದು ಆಗ ಹೇಳಿಕೊಳ್ಳುತ್ತಿದ್ದರು.

ಇದು ಬರೀ ಶೋಕಿ ಅಲ್ಲ. ಅಗಸೆನಾರು ಒಣಗಿದರೆ ನೂಲುವಾಗ ತುಂಡಾಗುತ್ತದೆ. ಅದಕ್ಕೆ ತೇವ ಬೇಕು, ಹದವಾದ ಬಿಸಿ ಬೇಕು, ಅದು ಗಳಿಗೆಗೊಂದು ಥರ ಬದಲಾಗಬಾರದು. ಆರು ಮಹಡಿಯ ಗಿರಣಿಯಲ್ಲಿ ಒಂದೊಂದು ಮಹಡಿಯ ಹವೆ ಒಂದೊಂದು ರೀತಿ. ಭಾರದ ಯಂತ್ರಗಳ ಅದುರು ಕಟ್ಟಡವನ್ನೇ ಅಲುಗಿಸುತ್ತದೆ. ಕಿಟಕಿಯಿಂದ ದೂರವಿರುವ ಕದಿರುಗಳಿಗೆ ಬೆಳಕೂ ಸಾಲದು. ಒಂದೇ ನೆಲವಾದರೆ ಈ ತೊಡಕುಗಳಿಲ್ಲ. ಮೇಸ್ತ್ರಿಗೆ ಒಂದು ಮೂಲೆಯಲ್ಲಿ ನಿಂತು ಎಲ್ಲ ಕೆಲಸಗಾರರ ಮೇಲೆ ಕಣ್ಣಿಡುವ ಅನುಕೂಲವೂ ಉಂಟು. ಅದನ್ನು ಮಾಲೀಕರು ಮರೆತಿರಲಾರರು.

ಎಂಜಿನಿಯರ್ ಜೇಮ್ಸ್ ಕೂಂಬ್‌ನ ಜಾಣ್ಮೆ ಕಾಣುವುದು ಚಾವಣಿಯಲ್ಲಿ. ಸಾಲುಸಾಲು ಬೀಡುಕಬ್ಬಿಣದ ಕಂಬಗಳ ಮೇಲೆ ಇಟ್ಟಿಗೆಯ ಕಮಾನುಗಳು ಒಂದನ್ನೊಂದು ಆತುಕೊಂಡು ನಿಂತಿವೆ. ಕಮಾನಿನ ನಡುವೆ ಗೋಪುರದಾಕಾರದ ಗಾಜಿನ ಬೆಳಕಿಂಡಿ, ಅಂಥವು ಅರವತ್ತಕ್ಕೂ ಮಿಕ್ಕಿ. ಕಂಬಗಳು ಒಳಗೆ ಪೊಳ್ಳು. ಚಾವಣಿಯ ಮಳೆನೀರು ಅವುಗಳ ಹೊಟ್ಟೆಯೊಳಗಿಂದಲೇ ಇಳಿದು ನೆಲದಡಿಯ ಚರಂಡಿ ಸೇರುತ್ತದೆ. ಯಂತ್ರಗಳನ್ನು ತಿರುಗಿಸುವ ಶಾಫ್ಟ್‌ಗಳನ್ನೂ ನೆಲದಡಿಯ ಕಮಾನುಮನೆಗೆ ತಳ್ಳಿದ್ದರಿಂದ ತಲೆಯ ಮೇಲೆ ಪಟ್ಟಿ, ಗಾಲಿಗಳ ಗೋಜಲಿರಲಿಲ್ಲ. ಚಾವಣಿ ಸೋರದಂತೆ ಡಾಂಬರು, ಸುಣ್ಣದ ಲೇಪ. ಅದರ ಮೇಲೆ ಮಣ್ಣು ಹರಡಿ ಹುಲ್ಲು ಬಿತ್ತಿದರು. ನಮ್ಮ ಬಯಲುಸೀಮೆಯ ಮಾಳಿಗೆ ಮನೆಯನ್ನು ನೋಡಿದವರಿಗೆ ಈ ಉಪಾಯ ಹೊಸದೆನ್ನಿಸದು. ಮೇಲೆ ಮಣ್ಣು, ನಡುವೆ ಗವಾಕ್ಷಿ, ಒಳಗೆ ಬೇಸಿಗೆಯಲ್ಲೂ ತಂಪು. ಇಲ್ಲಿನ ಮಣ್ಣು ಒಳಗಿನ ತೇವ, ಬಿಸಿಗಳನ್ನು ಹಿಡಿದಿಡುತ್ತಿತ್ತು. ಹುಲ್ಲು ಬೇರೂರಿ ಮಣ್ಣನ್ನು ಕಾಯುತ್ತಿತ್ತು. ಹುಲ್ಲು ಬೆಳೆದರೆ ಕತ್ತರಿಸುವವರು ಯಾರು? ಕುರಿ ಬಿಟ್ಟರು. ಲೀಡ್ಸ್‌ನಂಥ ಹೊಗೆಯೂರಿನಲ್ಲಿ ಗಿರಣಿಯ ನೆತ್ತಿಯ ಮೇಲೆ ಕುರಿಗಳು ಮೇಯುತ್ತಿದ್ದವು. ಒಂದು ಕುರಿ ಬೆಳಕಿಂಡಿಯ ಗಾಜು ಒಡೆದುಕೊಂಡು ಕೆಳಗೆ ಬಿತ್ತೆಂಬ ಕಥೆ ಊರಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ನಿಜವೋ ಸುಳ್ಳೋ, ಹೇಳುವವರು ಮಾತ್ರ ನೋಡಿದವರಂತೆಯೇ ಹೇಳುತ್ತಾರೆ.

ಇನ್ನು ಮುಖಭಾಗ. ಅದನ್ನು ರೂಪಿಸಿದವನು ಈಜಿಪ್ಟಿನಲ್ಲಿ ವರ್ಷಗಟ್ಟಲೆ ಗುಡಿ, ಗೋರಿಗಳ ಚಿತ್ರ ಬರೆದು ಬಂದಿದ್ದ ಜೋಸೆಫ್ ಬೊನೋಮಿ. ಎಡ್ಫುವಿನ ಹೋರಸ್ ದೇವಾಲಯವನ್ನು ನೆನಪಿಸುವ ದಪ್ಪ ಕಂಬಗಳು, ಮುಂದಕ್ಕೆ ಬಾಗಿದ ಸೂರಂಚು, ರೆಕ್ಕೆ ಬಿಚ್ಚಿದ ಸೂರ್ಯಬಿಂಬ, ಎಲ್ಲವೂ ಯಾರ್ಕ್‌ಶೈರ್ ಕಲ್ಲಿನಲ್ಲಿ. ಚಿಮಣಿಯನ್ನೂ ಒಬೆಲಿಸ್ಕ್ ಎಂಬ ಈಜಿಪ್ಟಿನ ಚೂಪುತುದಿಯ ಕಲ್ಲುಗಂಬದಂತೆ ಕಟ್ಟಿದರು. ಅದು ಬಹುಕಾಲ ಬಾಳದೆ ಬಿರುಕು ಬಿಟ್ಟಿತು, ಬದಲಿಗೆ ಸಾಮಾನ್ಯ ಇಟ್ಟಿಗೆ ಚಿಮಣಿ ಬಂತು. ಬೆಂಜಮಿನ್ ಹಿಕ್‌ನ ಕಾರ್ಖಾನೆಯಿಂದ ಬಂದ ಉಗಿ ಎಂಜಿನ್ನಿಗೂ ಈಜಿಪ್ಟ್ ಅಲಂಕಾರ! ಲಿನನ್ ಎಂದರೆ ಈಜಿಪ್ಟ್, ಈಜಿಪ್ಟ್ ಎಂದರೆ ಮಮ್ಮಿಗೆ ಸುತ್ತಿದ ಲಿನನ್ ಎಂಬುದು ಅಂದಿನ ಓದಿದ ಜನಕ್ಕೆ ಗೊತ್ತಿದ್ದ ಸಂಗತಿ. ಲೀಡ್ಸ್‌ಗಂತೂ ಚೆನ್ನಾಗಿ ಗೊತ್ತಿತ್ತು. 1823ರಲ್ಲೇ ಊರಿಗೆ ನೆಸ್ಯಾಮುನ್ ಎಂಬ ಪುರೋಹಿತನ ಮಮ್ಮಿ ಬಂದಿತ್ತು, ಅದರ ಬಟ್ಟೆ ಬಿಚ್ಚಿ ಪರೀಕ್ಷಿಸಿದ ವರದಿ 1828ರಲ್ಲಿ ಪ್ರಕಟವಾಗಿತ್ತು. ಹೀಗಾಗಿ ಈ ಮುಖಭಾಗವನ್ನು ಹುಚ್ಚಾಟ ಎನ್ನುವುದಕ್ಕಿಂತ ಜಾಹೀರಾತು ಎನ್ನುವುದು ಸರಿ. ಸಾವಿರಾರು ವರ್ಷ ಹಾಳಾಗದ ಬಟ್ಟೆಯ ವಂಶದವರು ನಾವು ಎಂದು ಮಾರ್ಷಲ್ ಮನೆತನ ಕಲ್ಲಿನಲ್ಲಿ ಸಾರಿಕೊಂಡಿತು. ಒಳಗೆ ದುಡಿದವರಲ್ಲಿ ಇದರಿಂದ ಎಷ್ಟು ಭಕ್ತಿ ಹುಟ್ಟಿತೋ ಕಾಣೆ. ಗಿರಣಿ ಎದ್ದ ಕೆಲವೇ ವರ್ಷಗಳಲ್ಲಿ, 1842ರ ಮುಷ್ಕರದ ಅಲೆಯಲ್ಲಿ, ಯಂತ್ರ ನಿಲ್ಲಿಸಲೆಂದು ಬಾಯ್ಲರ್‌ಗಳ ಬಿರಡೆ ಕೀಳಲು ಹೊರಟ ಗುಂಪು ಹೋಲ್‌ಬೆಕ್‌ಗೂ ನುಗ್ಗಿ ಮಾರ್ಷಲ್ ಗಿರಣಿಯ ಬಾಗಿಲು ತಟ್ಟಿತ್ತು.

ಮಾರ್ಷಲ್ ಕಂಪನಿ 1886ರಲ್ಲಿ ಮುಚ್ಚಿತು. ಕಟ್ಟಡ ಮಾತ್ರ ಕೆಲಸ ಬಿಡಲಿಲ್ಲ. ಬಟ್ಟೆ ಹೊಲಿಗೆಯವರು ಬಂದರು. 1953ರಿಂದ 2004ರವರೆಗೆ ಕೇಸ್ ಎಂಬ ಅಂಚೆ ಮೂಲಕ ಸರಕು ಮಾರುವ ಕಂಪನಿ ಇಲ್ಲಿತ್ತು. ಅಂಚೆ ವ್ಯಾಪಾರದ ಗೋದಾಮಿಗೆ ಎರಡೆಕರೆಯ ತಡೆಯಿಲ್ಲದ ನೆಲಕ್ಕಿಂತ ಹೆಚ್ಚಿನದೇನು ಬೇಕು? 2004ರಲ್ಲಿ ಅವರು ಹೊರಟುಹೋದರು. ನಾಲ್ಕೇ ವರ್ಷದಲ್ಲಿ, 2008ರ ಡಿಸೆಂಬರ್‌ನಲ್ಲಿ, ಮುಂಭಾಗದ ಕಲ್ಲುಗಂಬವೊಂದು ಕುಸಿದು ಚಾವಣಿಯಂಚನ್ನೂ ಎಳೆದುಕೊಂಡು ಕಾಲುದಾರಿಗೆ ಬಿತ್ತು. ಅಲ್ಲಿಂದ ಮುಂದೆ ಬೀದಿಯಲ್ಲಿ ಕಂಡದ್ದು ಬೇಲಿ ಮತ್ತು ಊರೆ ಕೊಟ್ಟ ಕಂಬಿಗಳು.

ಖಾಲಿ ಬಿದ್ದ ಗಿರಣಿ ಯಾಕಿಷ್ಟು ಬೇಗ ಹಾಳಾಗುತ್ತದೆ ಎಂಬುದಕ್ಕೆ ಈ ಕಟ್ಟಡದ ಕಂಬವೊಂದೇ ಸಾಕು. ಕಂಬವೇ ಚರಂಡಿ ಕೊಳವೆ ಎಂದೆನಲ್ಲ. ಗಿರಣಿ ನಡೆಯುತ್ತಿದ್ದಾಗ ಅದರ ಬಾಯಿಗೆ ಸಿಕ್ಕ ಎಲೆ, ಕಸ ತೆಗೆಯಲು ಆಳುಗಳಿದ್ದರು. ಈಗ ಕಸ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ. ಬೀಡು ಬಾಗುವ ಜಾತಿಯಲ್ಲ, ಸೀಳುತ್ತದೆ. ತುಕ್ಕು ಒಳಗಿಂದ ತಿನ್ನುವುದರಿಂದ ಹೊರಗಡೆ ನಿಂತು ನೋಡಿದವರಿಗೆ ಏನೂ ಕಾಣುವುದಿಲ್ಲ. ಮೇಲಾಗಿ ಒಂದು ಕಮಾನಿನ ತಳ್ಳಾಟವನ್ನು ಪಕ್ಕದ ಕಮಾನು ತಡೆಯುವ ರಚನೆ ಇದು. ಒಂದು ಕಂಬ ಸೋತರೆ ನಾಲ್ಕು ಕಮಾನುಗಳ ನೆಮ್ಮದಿ ಹೋಯಿತು. ಹಾಗಾಗಿ ಈ ವರ್ಷ ಇಷ್ಟು, ಮುಂದಿನ ವರ್ಷ ಅಷ್ಟು ಎಂದು ಕಂತಿನ ಮೇಲೆ ರಿಪೇರಿ ಮಾಡುವುದು ಕಷ್ಟ. ಇಡೀ ಚಾವಣಿಯನ್ನು ಒಟ್ಟಿಗೇ ಹಿಡಿಯಬೇಕು, ಇಡೀ ದುಡ್ಡನ್ನು ಒಟ್ಟಿಗೇ ಹಾಕಬೇಕು.

ಇಲ್ಲಿ ಕಾನೂನು ಏನು ಮಾಡುತ್ತದೆ? ಇಂಗ್ಲೆಂಡಿನಲ್ಲಿ ಪಟ್ಟಿಗೆ ಸೇರಿದ ಕಟ್ಟಡಗಳನ್ನು ಆಳುವುದು 1990ರ ಯೋಜನಾ ಕಾಯಿದೆ. ಅನುಮತಿಯಿಲ್ಲದೆ ಅಂಥ ಕಟ್ಟಡವನ್ನು ಕೆಡವುವುದು, ಅದರ ಲಕ್ಷಣ ಕೆಡುವಂತೆ ಬದಲಿಸುವುದು ಅಪರಾಧ. ಎರಡು ವರ್ಷದವರೆಗೆ ಜೈಲು, ಮಿತಿಯಿಲ್ಲದ ದಂಡ. ಹೊಡೆಯುವ ಕೈಯನ್ನು ಹಿಡಿಯುವುದರಲ್ಲಿ ಈ ಕಾಯಿದೆ ಗಟ್ಟಿ. ಆದರೆ ಕಟ್ಟಡವನ್ನು ಸುಸ್ಥಿತಿಯಲ್ಲಿ ಇಡಲೇಬೇಕೆಂಬ ನೇರ ಹೊಣೆಯನ್ನು ಅದು ಮಾಲೀಕನ ಮೇಲೆ ಹೊರಿಸುವುದಿಲ್ಲ. ಸುತ್ತಿಗೆ ಎತ್ತಿದರೆ ಜೈಲು, ಸೋರಲು ಬಿಟ್ಟರೆ ತಕ್ಷಣಕ್ಕೆ ಏನಿಲ್ಲ.

ಏನೂ ಇಲ್ಲವೆಂದರೆ ಅನ್ಯಾಯವಾದೀತು. ನಗರಸಭೆಗೆ ಮೂರು ಅಸ್ತ್ರಗಳಿವೆ. ತುರ್ತು ಕೆಲಸವನ್ನು ತಾನೇ ಮಾಡಿಸಿ ಖರ್ಚನ್ನು ಮಾಲೀಕನಿಂದ ವಸೂಲು ಮಾಡಬಹುದು. ಪೂರ್ತಿ ದುರಸ್ತಿಗೆ ನೋಟಿಸು ಕೊಡಬಹುದು. ಅದಕ್ಕೂ ಮಣಿಯದಿದ್ದರೆ ಕಟ್ಟಡವನ್ನೇ ಕಡ್ಡಾಯವಾಗಿ ಕೊಂಡುಕೊಳ್ಳಬಹುದು. ತೊಂದರೆ ಇರುವುದು ಈ ಮೂರನೆಯದರಲ್ಲೇ. ಕೊಂಡ ಮೇಲೆ ಆ ಎರಡೆಕರೆ ಚಾವಣಿ ನಗರಸಭೆಯ ತಲೆಯ ಮೇಲೆ ಬರುತ್ತದೆ. ಲೈಬ್ರರಿ ಮುಚ್ಚಬೇಕೋ ವೃದ್ಧರ ಆರೈಕೆ ಕಡಿಮೆ ಮಾಡಬೇಕೋ ಎಂದು ಲೆಕ್ಕ ಹಾಕುತ್ತಿರುವ ಪಾಲಿಕೆಗಳು ಅಂಥ ಅಸ್ತ್ರವನ್ನು ಬತ್ತಳಿಕೆಯಿಂದ ತೆಗೆಯುವುದೇ ಅಪರೂಪ. ಇದು ಮಾಲೀಕರಿಗೂ ಗೊತ್ತು.

ತೆರಿಗೆಯ ಕಡೆಯಿಂದಲೂ ಗಾಳಿ ಎದುರಿಗೇ ಬೀಸುತ್ತದೆ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ, ಹಳೆಯದನ್ನು ದುರಸ್ತಿ ಮಾಡಿದರೆ ಸಾಮಾನ್ಯವಾಗಿ ಶೇ. 20. ಪಟ್ಟಿಯ ಕೆಲವು ಬಗೆಯ ಕಟ್ಟಡಗಳಲ್ಲಿ ಅನುಮತಿ ಪಡೆದು ಮಾಡುವ ಬದಲಾವಣೆಗಳಿಗೆ ಇದ್ದ ರಿಯಾಯಿತಿಯನ್ನೂ 2012ರಲ್ಲಿ ತೆಗೆದುಹಾಕಿದರು. ಇನ್ನೊಂದು ಕಡೆ, ಖಾಲಿ ವಾಣಿಜ್ಯ ಕಟ್ಟಡಕ್ಕೆ ಕಟ್ಟಬೇಕಾದ ತೆರಿಗೆಯಿಂದ ಪಟ್ಟಿಯ ಕಟ್ಟಡಗಳಿಗೆ ವಿನಾಯಿತಿ ಇದೆ. ಸಹಾಯವೆಂದೇ ಕೊಟ್ಟದ್ದು ಅದು. ಪರಿಣಾಮ ಏನೆಂದರೆ, ಗಿರಣಿಯನ್ನು ಖಾಲಿ ಇಟ್ಟುಕೊಂಡು ಜಮೀನಿನ ಬೆಲೆ ಏರಲೆಂದು ಕಾಯುವವನಿಗೆ ಕಾಯುವ ಖರ್ಚು ಕಡಿಮೆಯಾಗುತ್ತದೆ.

ಹಾಗಂತ ಎಲ್ಲ ಗಿರಣಿಗಳ ಹಣೆಬರಹವೂ ಹೀಗೆಯೇ ಏನಲ್ಲ. ಟೆಂಪಲ್ ಮಿಲ್‌ನ ಪಕ್ಕದಲ್ಲೇ ಇರುವ ಮಾರ್ಷಲ್‌ನ ಹಳೆಯ ಬಹುಮಹಡಿ ಗಿರಣಿ ಕಚೇರಿಗಳಾಗಿ ಬದುಕಿದೆ. ಲೀಡ್ಸ್‌ನಿಂದ ಸ್ವಲ್ಪ ದೂರದ ಸಾಲ್ಟೇರ್‌ನಲ್ಲಿ ಟೈಟಸ್ ಸಾಲ್ಟ್ ತನ್ನ ಐವತ್ತನೆಯ ಹುಟ್ಟುಹಬ್ಬಕ್ಕೆ, 1853ರ ಸೆಪ್ಟೆಂಬರ್ 20ರಂದು, ತೆರೆದ ಸಾಲ್ಟ್ಸ್ ಮಿಲ್ ಇದೆ. ಲಾಕ್‌ವುಡ್ ಮತ್ತು ಮಾಸನ್ ಜೋಡಿಯ ಇಟಲಿ ಶೈಲಿಯ ವಿನ್ಯಾಸ, ವಿಲಿಯಂ ಫೇರ್‌ಬೇರ್ನ್‌ನ ಎಂಜಿನಿಯರಿಂಗ್, 545 ಅಡಿ ಉದ್ದದ ಮುಖಭಾಗ. 1986ರಲ್ಲಿ ಯಂತ್ರಗಳು ನಿಂತವು. ಮರುವರ್ಷ ಬ್ರಾಡ್‌ಫರ್ಡ್‌ನವನೇ ಆದ ಜೊನಾಥನ್ ಸಿಲ್ವರ್ ಅದನ್ನು ಕೊಂಡು ಒಂದು ಭಾಗದಲ್ಲಿ ಡೇವಿಡ್ ಹಾಕ್ನಿಯ ಚಿತ್ರಗಳಿಗೆ ಗ್ಯಾಲರಿ ತೆರೆದ, ಇನ್ನೊಂದು ಭಾಗವನ್ನು ಪೇಸ್ ಎಂಬ ಎಲೆಕ್ಟ್ರಾನಿಕ್ಸ್ ಕಂಪನಿಗೆ ಬಾಡಿಗೆಗೆ ಕೊಟ್ಟ. ನೋಡಲು ಬರುವವರು ಹಾಕ್ನಿಯನ್ನು ನೆನಪಿಟ್ಟುಕೊಳ್ಳುತ್ತಾರೆ. ಚಾವಣಿಯ ಖರ್ಚಿಗೆ ಆಸರೆಯಾದದ್ದರಲ್ಲಿ ಟಿವಿಯ ಸೆಟ್‌ಟಾಪ್ ಬಾಕ್ಸುಗಳ ಪಾಲೂ ಇದೆ ಎಂಬುದನ್ನು ಯಾರೂ ಹೇಳುವುದಿಲ್ಲ. 2001ರಲ್ಲಿ ಸಾಲ್ಟೇರ್ ಊರಿಗೇ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಬಂತು. ಗಮನಿಸಿ, ಬಳಕೆ ಮೊದಲು, ಬಿರುದು ಆಮೇಲೆ. ಗಿರಣಿಯ ದರ್ಜೆಯಾದರೂ ಗ್ರೇಡ್ ಟೂ ಸ್ಟಾರ್, ಟೆಂಪಲ್ ಮಿಲ್‌ಗಿಂತ ಒಂದು ಮೆಟ್ಟಿಲು ಕೆಳಗೆ.

ಬ್ರಾಡ್‌ಫರ್ಡ್‌ನ ಲಿಸ್ಟರ್ಸ್ ಮಿಲ್‌ನದೂ ಅದೇ ಪಾಠ. 249 ಅಡಿ ಚಿಮಣಿಯ, ಒಂದು ಕಾಲಕ್ಕೆ ಸಾವಿರಾರು ಜನ ದುಡಿದ ಆ ರೇಷ್ಮೆ ಗಿರಣಿ 1992ರಲ್ಲಿ ಮುಚ್ಚಿತು. ಅರ್ಬನ್ ಸ್ಪ್ಲ್ಯಾಷ್ ಕಂಪನಿ ಅದರ ಮಹಡಿಗಳನ್ನು ಫ್ಲ್ಯಾಟು ಮಾಡಿತು. ಮಹಡಿಯಿರುವ ಗಿರಣಿಯನ್ನು ಹೋಳು ಮಾಡಬಹುದು. ಸಾಲು ಕಿಟಕಿ ಇದ್ದೇ ಇದೆ, ನಡುವೆ ಗೋಡೆ ಎಳೆದರೆ ಮನೆ. ಒಂದು ಮಹಡಿ ಮುಗಿಸಿ, ಮಾರಿ, ಆ ದುಡ್ಡಲ್ಲಿ ಇನ್ನೊಂದಕ್ಕೆ ಕೈ ಹಾಕಬಹುದು. ಟೆಂಪಲ್ ಮಿಲ್‌ನಲ್ಲಿ ಇದು ಯಾವುದೂ ನಡೆಯದು. ಬೆಳಕು ಬರುವುದು ಮೇಲಿನಿಂದ, ಪಕ್ಕದಿಂದಲ್ಲ. ಅಲ್ಲಿ ಫ್ಲ್ಯಾಟು ಮಾಡಿದರೆ ಕಿಟಕಿಯಿಲ್ಲದ ಮನೆ. ನಡುವೆ ಗೋಡೆ ಎಳೆದರೆ ಆ ಒಂದೇ ಕೋಣೆ ಎಂಬ ವಿಶೇಷ ಹೋಯಿತು, ಗ್ರೇಡ್ ಒನ್ ಕೊಟ್ಟದ್ದು ಅದಕ್ಕೇ ತಾನೆ? ಹಾಗಾಗಿ ಅನುಮತಿ ಸಿಗುವುದು ಕಷ್ಟ. ಇಡೀ ಕೋಣೆ ಒಬ್ಬನಿಗೇ ಬೇಕಾಗಬೇಕು.

ಅಂಥ ಒಬ್ಬ ಸಿಕ್ಕಿದ್ದ. 2015ರ ನವೆಂಬರ್‌ನಲ್ಲಿ ಬರ್ಬೆರಿ ಎಂಬ ದುಬಾರಿ ಉಡುಪಿನ ಕಂಪನಿ ಲೀಡ್ಸ್‌ನಲ್ಲಿ 5 ಕೋಟಿ ಪೌಂಡ್ ಹೂಡಿ ಟ್ರೆಂಚ್ ಕೋಟುಗಳ ಹೊಸ ಕಾರ್ಖಾನೆ ತೆರೆಯುವುದಾಗಿಯೂ, ಟೆಂಪಲ್ ವರ್ಕ್ಸ್ ಬಗ್ಗೆ ಆಸಕ್ತಿಯಿದೆಯೆಂದೂ ಹೇಳಿತು. ಗಿರಣಿಗೆ ಮತ್ತೆ ಬಟ್ಟೆಯ ಕೆಲಸವೇ! ಮರುವರ್ಷ ಬ್ರೆಕ್ಸಿಟ್ ಮತದಾನವಾಯಿತು. ಯೋಜನೆ ಮೊದಲು ತಡೆಹಿಡಿಯಲ್ಪಟ್ಟಿತು, ಆಮೇಲೆ ಕೈಬಿಟ್ಟೇ ಹೋಯಿತು. ಒಂದು ಪೌಂಡಿನ ಹರಾಜು ಬಂದದ್ದು ಅದರ ಬೆನ್ನಿಗೆ. ಮೊತ್ತ ನೋಡಿ ನಗಬೇಕಿಲ್ಲ. ದುರಸ್ತಿಗೆ ತಗಲುವ ಹಣ ದುರಸ್ತಿಯಾದ ಮೇಲಿನ ಬೆಲೆಯನ್ನು ಮೀರಿದರೆ ಕಟ್ಟಡದ ನಿಜವಾದ ಬೆಲೆ ಸೊನ್ನೆಗಿಂತ ಕೆಳಗೆ. ಒಂದು ಪೌಂಡ್ ಕೊಟ್ಟವನು ಸಾಲವನ್ನು ಕೊಂಡಂತೆ. ಸುತ್ತಲಿನ ಜಮೀನಿನಲ್ಲಿ ಕಟ್ಟಿ ಮಾರಬಲ್ಲವನಿಗೆ ಮಾತ್ರ ಅದು ಗಿಟ್ಟೀತು.

ಹಳೆಯ ಗಿರಣಿಗಳ ಇನ್ನೊಂದು ಶತ್ರು ಬೆಂಕಿ. ಬ್ರಾಡ್‌ಫರ್ಡ್‌ನ ಡ್ರಮಂಡ್ ಮಿಲ್ 2016ರ ಜನವರಿಯಲ್ಲಿ, ಹಡರ್ಸ್‌ಫೀಲ್ಡ್‌ನ ನ್ಯೂಸಮ್ ಮಿಲ್ಸ್ ಅದೇ ವರ್ಷದ ನವೆಂಬರ್‌ನಲ್ಲಿ, ಕೀಲಿಯ ಡಾಲ್ಟನ್ ಮಿಲ್ಸ್ 2022ರ ಮಾರ್ಚ್‌ನಲ್ಲಿ ಹೊತ್ತಿ ಉರಿದವು. ಮರದ ನೆಲದ ಗಿರಣಿಗಳಲ್ಲಿ ಹಲಗೆಗಳು ದಶಕಗಟ್ಟಲೆ ಯಂತ್ರದ ಎಣ್ಣೆ ಕುಡಿದಿರುತ್ತವೆ. ಹೊತ್ತಿಕೊಂಡರೆ ಆರಿಸಲು ಹೋದವರಿಗೆ ಸುತ್ತಲಿನ ಮನೆಗಳನ್ನು ಉಳಿಸಿಕೊಳ್ಳುವುದೇ ಕೆಲಸವಾಗುತ್ತದೆ.

ನಮ್ಮಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿದೆ. 1958ರ ಕೇಂದ್ರ ಕಾಯಿದೆಯ ಪ್ರಕಾರ ಪುರಾತನ ಸ್ಮಾರಕವೆನ್ನಿಸಿಕೊಳ್ಳಲು ಕಟ್ಟಡಕ್ಕೆ ನೂರು ವರ್ಷವಾಗಿರಬೇಕು. ಒಮ್ಮೆ ಅದರಡಿ ಸಂರಕ್ಷಿತವೆಂದು ಘೋಷಿಸಿದರೆ ಸುತ್ತ 100 ಮೀಟರ್ ನಿಷೇಧಿತ ವಲಯ, ಆಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಗುಡಿ, ಕೋಟೆಗಳಿಗೆ ಇದು ಹೊಂದುತ್ತದೆ. ಊರ ನಡುವೆ ದುಡಿದು ತಿನ್ನಬೇಕಾದ ಗಿರಣಿಗೆ ಇದು ಉರುಳು. ಆ ಕಾಯಿದೆಯಲ್ಲಿ ನಡುದಾರಿ ಇಲ್ಲದ ಕಾರಣ ನಮ್ಮ ಎಷ್ಟೋ ಗಿರಣಿಗಳು ಪಟ್ಟಿಗೆ ಬಾರದೆಯೇ ಹೋದವು. ಮಲ್ಲೇಶ್ವರದ ರಾಜಾ ಮಿಲ್ ಜಾಗದಲ್ಲಿ ಮಾಲ್ ನಿಂತಿದೆ, ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟುಗಳು. ಬದಲಾಯಿಸಿ, ಆದರೆ ಕೇಳಿ ಬದಲಾಯಿಸಿ ಎನ್ನುವ ಇಂಗ್ಲೆಂಡಿನ ಪಟ್ಟಿ, ಎಷ್ಟೇ ದೋಷವಿರಲಿ, ಆ ಮಟ್ಟಿಗೆ ನಮಗಿಂತ ಜಾಣತನದ್ದು.

ಟೆಂಪಲ್ ಮಿಲ್‌ಗೆ ಈಗ ಎದುರಿಗಿರುವ ಹೆಸರು ಬ್ರಿಟಿಷ್ ಲೈಬ್ರರಿಯದು. ಲೀಡ್ಸ್ ಬಳಿಯ ಬಾಸ್ಟನ್ ಸ್ಪಾದಲ್ಲಿ ಆ ಗ್ರಂಥಾಲಯದ ದೊಡ್ಡ ಭಂಡಾರವಿದೆ, ಆದರೆ ಉತ್ತರ ಇಂಗ್ಲೆಂಡಿನ ಓದುಗರು ಬಂದು ಕೂರುವಂಥ ನಗರದ ಮನೆಯಿಲ್ಲ. ಟೆಂಪಲ್ ವರ್ಕ್ಸ್ ಅಂಥ ಮನೆಯಾಗಲೆಂದು ಯೋಚನೆ ಹೊರಟು, 2020ರ ಮಾರ್ಚ್ ಬಜೆಟ್‌ನಲ್ಲಿ ಸರ್ಕಾರ ಲೀಡ್ಸ್‌ನ ಈ ಗ್ರಂಥಾಲಯಕ್ಕಾಗಿ 2.5 ಕೋಟಿ ಪೌಂಡ್ ಘೋಷಿಸಿತು. ಕೋಣೆಯ ಗುಣಕ್ಕೆ ಇಷ್ಟು ಒಪ್ಪುವ ಬಳಕೆ ಇನ್ನೊಂದು ತೋಚುವುದಿಲ್ಲ. ಓದುವ ಮನೆಗೆ ಬೇಕಾದದ್ದು ಮೇಲಿನಿಂದ ಬೀಳುವ ಸಮನಾದ ಬೆಳಕು, ಗೋಡೆಯಿಲ್ಲದ ನೆಲ, ಏರುಪೇರಾಗದ ಹವೆ. ಅಗಸೆನಾರಿಗೆ ಕೂಂಬ್ ಒದಗಿಸಿದ್ದೂ ಹೆಚ್ಚುಕಡಿಮೆ ಅದನ್ನೇ, ತೇವವನ್ನು ಬಿಟ್ಟು. ಆ ತೇವವೊಂದನ್ನು ಹೊರಗಿಡುವುದೇ ಅಲ್ಲಿನ ಎಂಜಿನಿಯರುಗಳ ದೊಡ್ಡ ತಲೆನೋವಾದೀತು.

ಇಂಥ ಕೆಲಸಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಮಾರ್ಷಲ್‌ನದೇ ಡಿದರಿಂಗ್ಟನ್ ಗಿರಣಿ ಅಳತೆಗೋಲು. 1987ರಲ್ಲಿ ಖಾಲಿಯಾದ ಅದು 2005ರಲ್ಲಿ ಸರ್ಕಾರಿ ಪರಂಪರೆ ಸಂಸ್ಥೆಯ ಕೈಗೆ ಬಂತು. ದುರಸ್ತಿಯಾಗಿ ಜನರಿಗೆ ತೆರೆದದ್ದು 2022ರಲ್ಲಿ, ಕೊಂಡ ಹದಿನೇಳು ವರ್ಷದ ಮೇಲೆ. ಖರ್ಚಿನ ದೊಡ್ಡ ಪಾಲು ಬಂದದ್ದು ಲಾಟರಿಯ ಪರಂಪರೆ ನಿಧಿಯಿಂದ. ಖಾಸಗಿ ಕಂಪನಿ ಯಾವುದೂ ಹದಿನೇಳು ವರ್ಷ ಕಾಯಲಾರದು, ಕಾಯಬೇಕೆಂದು ಹೇಳುವುದೂ ಸರಿಯಲ್ಲ. ಲೀಡ್ಸ್‌ನಲ್ಲಿಯೂ ಹಾಗೆಯೇ: ಗ್ರಂಥಾಲಯದ ನಕ್ಷೆ, ಪೀಠೋಪಕರಣಗಳ ಚರ್ಚೆಗಿಂತ ಮೊದಲು ಯಾರೋ ಒಬ್ಬರು ಎರಡೆಕರೆ ಚಾವಣಿಯ ಮಣ್ಣು ತೆಗೆದು, ಕಂಬ ಕಂಬದ ಒಳಗಿನ ತುಕ್ಕು ಅಳೆದು, ಅದಕ್ಕಾಗುವ ಪೂರ್ತಿ ಮೊತ್ತವನ್ನು ವಾಪಸು ಬರುವ ಲೆಕ್ಕವಿಲ್ಲದೆ ಹಾಕಬೇಕು. ಆ ಮೊತ್ತ ಹಾಕುವ ಸ್ಥಿತಿಯಲ್ಲಿರುವುದು ಸರ್ಕಾರದ ಖಜಾನೆ ಮತ್ತು ಲಾಟರಿ ನಿಧಿ, ಎರಡೇ.